ಜಾಲತಾಣದಲ್ಲಿ ಅಫಿಲಿಯೇಟ್ ಲಿಂಕ್‌ಗಳ ನಿರ್ವಹಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಫಿಲಿಯೇಟ್ ಲಿಂಕ್ ಎಂದರೇನು? ಸಾಮಾನ್ಯ ಲಿಂಕ್‌ಗೂ ಅದಕ್ಕೂ ಏನು ವ್ಯತ್ಯಾಸ?

ಸಾಮಾನ್ಯ ಲಿಂಕ್ ಓದುಗರನ್ನು ಇನ್ನೊಂದು ಪುಟಕ್ಕೆ ಕರೆದೊಯ್ದು ಅಲ್ಲಿಗೆ ತನ್ನ ಕೆಲಸ ಮುಗಿಸುತ್ತದೆ. ಅಫಿಲಿಯೇಟ್ ಲಿಂಕ್ ಮಾತ್ರ ಆ ಓದುಗರನ್ನು ಕಳುಹಿಸಿದವರು ಯಾರು ಎಂಬುದನ್ನೂ ಮಾರಾಟಗಾರರಿಗೆ ತಿಳಿಸುತ್ತದೆ. ವಿಳಾಸದ ಕೊನೆಯಲ್ಲಿ, ಹೆಚ್ಚಾಗಿ ಪ್ರಶ್ನಾರ್ಥಕ ಚಿಹ್ನೆಯ ಆಚೆಗೆ, ನಿಮಗೆಂದೇ ಕೊಟ್ಟ ಒಂದು ಗುರುತು ಇರುತ್ತದೆ. ಓದುಗರು ಲಿಂಕ್ ಒತ್ತಿದಾಗ ಆ ಗುರುತು ಅವರ ಬ್ರೌಸರ್‌ನಲ್ಲಿ ಕುಕೀಯಾಗಿ, ಅಂದರೆ ಒಂದು ಚಿಕ್ಕ ದಾಖಲೆಯಾಗಿ, ಉಳಿಯುತ್ತದೆ. ನಿಗದಿತ ಅವಧಿಯೊಳಗೆ ಅವರು ಏನಾದರೂ ಕೊಂಡರೆ ನಿಮಗೆ ಕಮಿಷನ್ ಸಲ್ಲುತ್ತದೆ. 1996ರಲ್ಲಿ ಅಮೆಜಾನ್ ತನ್ನ ಅಸೋಸಿಯೇಟ್ಸ್ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಈ ಪದ್ಧತಿ ವ್ಯಾಪಕವಾಗಿ ಹರಡಿತು. ಕುಕೀಯ ಅವಧಿ ಎಲ್ಲ ಕಡೆ ಒಂದೇ ಇರುವುದಿಲ್ಲ. ಅಮೆಜಾನ್‌ನಲ್ಲಿ ಅದು 24 ಗಂಟೆ, ಆ 24 ಗಂಟೆಯೊಳಗೆ ವಸ್ತುವನ್ನು ಕಾರ್ಟ್‌ಗೆ ಹಾಕಿಟ್ಟಿದ್ದರೆ ಸಾಮಾನ್ಯವಾಗಿ 90 ದಿನ. ಬೇರೆ ಅನೇಕ ಕಾರ್ಯಕ್ರಮಗಳಲ್ಲಿ 30 ದಿನ. ಕಮಿಷನ್ ದರವನ್ನು ಮಾತ್ರ ನೋಡಿ ಕಾರ್ಯಕ್ರಮ ಸೇರುವವರೇ ಹೆಚ್ಚು. ಆದರೆ ದುಬಾರಿ ವಸ್ತುವನ್ನು ಓದಿದ ದಿನವೇ ಕೊಳ್ಳುವವರು ಕಡಿಮೆಯಾದ್ದರಿಂದ, ಅವಧಿಯನ್ನೂ ಅಷ್ಟೇ ಗಮನವಿಟ್ಟು ನೋಡಬೇಕು.

ಲಿಂಕನ್ನು ನೇರವಾಗಿ ಲೇಖನದೊಳಗೆ ಅಂಟಿಸಿದರೆ ಏನು ತೊಂದರೆ?

ಐದಾರು ಲಿಂಕ್‌ಗಳಿದ್ದಾಗ ಏನೂ ತೊಂದರೆಯಿಲ್ಲ. ಐವತ್ತಾದಾಗ ತೊಂದರೆ ಶುರುವಾಗುತ್ತದೆ, ಮತ್ತು ಅದು ಶುರುವಾದದ್ದು ನಿಮಗೆ ಗೊತ್ತಾಗುವುದೇ ಇಲ್ಲ.

ನನ್ನ ಅನುಭವವನ್ನೇ ಹೇಳುತ್ತೇನೆ. ಒಬ್ಬ ಮಾರಾಟಗಾರರ ಲಿಂಕನ್ನು ನಾನು ಅರವತ್ತಕ್ಕೂ ಹೆಚ್ಚು ಪುಟಗಳಲ್ಲಿ ಕೈಯಿಂದಲೇ ಅಂಟಿಸಿದ್ದೆ. ಆ ಮಾರಾಟಗಾರರು ಒಂದು ನೆಟ್‌ವರ್ಕ್, ಅಂದರೆ ಮಾರಾಟಗಾರರಿಗೂ ನಮ್ಮಂಥ ತಾಣದವರಿಗೂ ನಡುವೆ ನಿಂತು ಲಿಂಕ್ ಮತ್ತು ಕಮಿಷನ್ ಲೆಕ್ಕ ನೋಡಿಕೊಳ್ಳುವ ಸಂಸ್ಥೆಯನ್ನು, ಬಿಟ್ಟು ಇನ್ನೊಂದಕ್ಕೆ ಹೋದರು. ಹಳೆಯ ಲಿಂಕ್‌ಗಳೆಲ್ಲ ಒಂದೇ ದಿನ ನಿಷ್ಪ್ರಯೋಜಕವಾದವು. ನಾಲ್ಕು ದಿನ ಕುಳಿತು ಪ್ರತಿಯೊಂದು ಪುಟವನ್ನೂ ತೆರೆದು, ಹಳೆಯದನ್ನು ಅಳಿಸಿ, ಹೊಸದನ್ನು ಹಾಕಿದೆ. ಎರಡು ಪುಟಗಳು ಕಣ್ತಪ್ಪಿದವು. ಕೆಲವು ತಿಂಗಳ ಬಳಿಕ ಒಬ್ಬ ಓದುಗರು, ನಿಮ್ಮ ಲೇಖನದ ಲಿಂಕ್ ಒತ್ತಿದರೆ ಜೂಜಿನ ತಾಣ ತೆರೆದುಕೊಳ್ಳುತ್ತಿದೆ ಎಂದು ಬರೆದರು. ಹಳೆಯ ಲಿಂಕ್‌ನಲ್ಲಿದ್ದ ಡೊಮೇನ್ ನವೀಕರಣಗೊಳ್ಳದೆ ಬೇರೆ ಯಾರದೋ ಪಾಲಾಗಿತ್ತು. ಕಮಿಷನ್ ತಪ್ಪಿದ್ದಕ್ಕೆ ನನಗೆ ಅಷ್ಟು ಬೇಸರವಾಗಲಿಲ್ಲ. ನನ್ನನ್ನು ನಂಬಿ ಒತ್ತಿದವರನ್ನು ಅಂಥ ಜಾಗಕ್ಕೆ ಕಳುಹಿಸಿದೆನಲ್ಲ ಎಂಬುದು ಇಂದಿಗೂ ಕಾಡುತ್ತದೆ.

ಇಂಥದ್ದು ದೊಡ್ಡ ಮಟ್ಟದಲ್ಲಿಯೂ ಆಗಿದೆ. ಗೂಗಲ್ ತನ್ನ ಅಫಿಲಿಯೇಟ್ ನೆಟ್‌ವರ್ಕನ್ನು 2013ರಲ್ಲಿ ಮುಚ್ಚಿದಾಗ ಅದರ ಮೂಲಕ ಲಿಂಕ್ ಹಾಕಿದ್ದವರೆಲ್ಲ ತಮ್ಮ ಲಿಂಕ್‌ಗಳನ್ನು ಬದಲಿಸಬೇಕಾಯಿತು. ಯಾವ ನೆಟ್‌ವರ್ಕೂ ಶಾಶ್ವತವಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ವ್ಯವಸ್ಥೆ ಮಾಡಿಕೊಳ್ಳುವುದು ಕ್ಷೇಮ.

ಹಾಗಾದರೆ ಲಿಂಕ್‌ಗಳನ್ನು ಒಂದೇ ಕಡೆ ಇಟ್ಟುಕೊಳ್ಳುವುದು ಹೇಗೆ?

ಲೇಖನದಲ್ಲಿ ಮಾರಾಟಗಾರರ ಉದ್ದನೆಯ ವಿಳಾಸದ ಬದಲು ನಿಮ್ಮದೇ ಡೊಮೇನ್‌ನ ಒಂದು ಚಿಕ್ಕ ವಿಳಾಸವನ್ನು ಹಾಕಿ, ಅದನ್ನು ಒತ್ತಿದವರನ್ನು ನಿಮ್ಮ ಸರ್ವರ್ ಮಾರಾಟಗಾರರ ಪುಟಕ್ಕೆ ಕಳುಹಿಸುವಂತೆ ಮಾಡಬೇಕು. ಇದನ್ನೇ ರೀಡೈರೆಕ್ಟ್ ಎನ್ನುತ್ತಾರೆ. ನಿಮ್ಮ ಡೊಮೇನ್, ನಂತರ ಗೋ ಎಂಬ ಪದ, ನಂತರ ವಸ್ತುವಿನ ಹೆಸರು, ಇಷ್ಟಿದ್ದರೆ ಸಾಕು. ಮಾರಾಟಗಾರರು ವಿಳಾಸ ಬದಲಿಸಿದ ದಿನ ನೀವು ಒಂದೇ ಸಾಲನ್ನು ತಿದ್ದಿದರೆ ಅರವತ್ತು ಪುಟಗಳೂ ಸರಿಯಾಗುತ್ತವೆ. ವರ್ಡ್‌ಪ್ರೆಸ್ ಬಳಸುವವರಿಗೆ ಪ್ರೆಟಿಲಿಂಕ್ಸ್, ಥರ್ಸ್ಟಿಅಫಿಲಿಯೇಟ್ಸ್ ಮುಂತಾದ ಪ್ಲಗಿನ್‌ಗಳು ಈ ಕೆಲಸವನ್ನು ಮಾಡಿಕೊಡುತ್ತವೆ. ಪ್ಲಗಿನ್ ಬೇಡವೆನ್ನುವವರು ಸರ್ವರ್‌ನ ಸಂರಚನಾ ಕಡತದಲ್ಲಿ ಪ್ರತಿ ಲಿಂಕ್‌ಗೆ ಒಂದು ಸಾಲು ಬರೆದರೂ ಆಗುತ್ತದೆ.

ಇದರ ಜೊತೆಗೆ ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಳ್ಳಿ. ಚಿಕ್ಕ ವಿಳಾಸ, ಅದು ತಲುಪುವ ನಿಜವಾದ ವಿಳಾಸ, ಯಾವ ಕಾರ್ಯಕ್ರಮದ್ದು, ಯಾವ ಯಾವ ಪುಟದಲ್ಲಿದೆ, ಕೊನೆಯ ಬಾರಿ ಯಾವಾಗ ಪರೀಕ್ಷಿಸಿದ್ದು ಎಂಬ ಐದು ಕಾಲಂ ಸಾಕು. ಪ್ಲಗಿನ್‌ನಲ್ಲಿ ಎಲ್ಲವೂ ಇದೆಯಲ್ಲ ಎಂದು ಕೇಳಬಹುದು. ಪ್ಲಗಿನ್ ಕೆಟ್ಟ ದಿನ, ಅಥವಾ ತಾಣವನ್ನು ಬೇರೆ ವ್ಯವಸ್ಥೆಗೆ ಸಾಗಿಸುವ ದಿನ, ಆ ಪಟ್ಟಿಯೊಂದೇ ನಿಮ್ಮ ಕೈಯಲ್ಲಿ ಉಳಿಯುವುದು.

301, 302 ಎಂದು ಎರಡು ಬಗೆಯ ರೀಡೈರೆಕ್ಟ್‌ಗಳಿವೆ. ಯಾವುದನ್ನು ಬಳಸಬೇಕು?

301 ಎಂದರೆ ಈ ಪುಟ ಶಾಶ್ವತವಾಗಿ ಸ್ಥಳಾಂತರಗೊಂಡಿದೆ ಎಂದು ಬ್ರೌಸರ್‌ಗೆ ಹೇಳಿದಂತೆ. ಬ್ರೌಸರ್ ಆ ಮಾತನ್ನು ನೆನಪಿಟ್ಟುಕೊಂಡು, ಮುಂದಿನ ಸಲ ನಿಮ್ಮ ಸರ್ವರನ್ನು ಕೇಳದೆಯೇ ನೇರವಾಗಿ ಹಳೆಯ ಗುರಿಗೆ ಹೋಗಬಹುದು. ನೀವು ಲಿಂಕ್ ಬದಲಿಸಿದ ಮೇಲೂ ನಿಮ್ಮ ಖಾಯಂ ಓದುಗರು ಹಳೆಯ ಪುಟವನ್ನೇ ಕಾಣುತ್ತಿರುತ್ತಾರೆ. ನೀವು ಹೊಸ ಬ್ರೌಸರ್‌ನಲ್ಲಿ ನೋಡಿದಾಗ ಎಲ್ಲವೂ ಸರಿಯಾಗಿರುತ್ತದೆ, ಆದ್ದರಿಂದ ದೂರು ಬಂದರೂ ಕಾರಣ ಹೊಳೆಯುವುದಿಲ್ಲ. 302 ಅಥವಾ 307 ತಾತ್ಕಾಲಿಕ ರೀಡೈರೆಕ್ಟ್‌ಗಳು. ಬೇರೆ ಸೂಚನೆ ಕೊಡದಿದ್ದರೆ ಬ್ರೌಸರ್ ಪ್ರತಿ ಸಲವೂ ಸರ್ವರನ್ನು ಕೇಳುತ್ತದೆ. ಅಫಿಲಿಯೇಟ್ ಲಿಂಕ್ ಬದಲಾಗುವ ವಸ್ತುವಾದ್ದರಿಂದ ತಾತ್ಕಾಲಿಕವೇ ಸರಿ. ತಾಣದಲ್ಲಿ ಕ್ಯಾಶ್ (cache) ಪ್ಲಗಿನ್, ಅಂದರೆ ಪುಟಗಳ ಪ್ರತಿಯನ್ನು ಉಳಿಸಿಟ್ಟು ಬೇಗ ತೋರಿಸುವ ಪ್ಲಗಿನ್, ಇದ್ದರೆ ಈ ಚಿಕ್ಕ ವಿಳಾಸಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡುವುದನ್ನು ಮರೆಯಬೇಡಿ.

ಉಚಿತವಾಗಿ ಸಿಗುವ ಲಿಂಕ್ ಕಿರಿದಾಗಿಸುವ ಸೇವೆಗಳನ್ನು ಬಳಸಿದರೆ ಸಾಲದೇ?

ಸಾಲದು. ಆ ಡೊಮೇನ್ ನಿಮ್ಮದಲ್ಲ. ಗೂಗಲ್‌ನಂಥ ಸಂಸ್ಥೆಯೇ ತನ್ನ ಲಿಂಕ್ ಕಿರಿದಾಗಿಸುವ ಸೇವೆಯನ್ನು ನಿಲ್ಲಿಸುವುದಾಗಿ 2018ರಲ್ಲಿ ಪ್ರಕಟಿಸಿ, 2019ರಿಂದ ಹೊಸ ಲಿಂಕ್ ಮಾಡಲು ಅವಕಾಶ ಕೊಡಲಿಲ್ಲ. ಅಲ್ಲದೆ, ವಿಳಾಸ ನೋಡಿದರೆ ಎಲ್ಲಿಗೆ ಹೋಗುತ್ತೇವೆಂದು ತಿಳಿಯದ ಲಿಂಕನ್ನು ಒತ್ತಲು ಓದುಗರು ಹಿಂಜರಿಯುತ್ತಾರೆ, ಮತ್ತು ಹಿಂಜರಿಯುವುದು ನ್ಯಾಯವೇ.

ಲಿಂಕನ್ನು ಹೀಗೆ ಬದಲಿಸುವುದು ನಿಯಮಗಳಿಗೆ ವಿರುದ್ಧವಲ್ಲವೇ?

ಕಾರ್ಯಕ್ರಮವನ್ನು ಅವಲಂಬಿಸಿದೆ, ಮತ್ತು ಇಲ್ಲಿ ಎಚ್ಚರ ಬೇಕು. ಲಿಂಕನ್ನು ಚಿಕ್ಕದಾಗಿಸುವುದು ಬೇರೆ, ಮರೆಮಾಚುವುದು ಬೇರೆ. ಓದುಗರು ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದು ಅವರಿಗೂ, ಯಾವ ತಾಣದಿಂದ ಬಂದರು ಎಂಬುದು ಮಾರಾಟಗಾರರಿಗೂ ತಿಳಿಯದಂತೆ ಮಾಡುವುದೇ ಮರೆಮಾಚುವಿಕೆ. ಅಮೆಜಾನ್ ಇದನ್ನು ನಿಷೇಧಿಸುತ್ತದೆ. ತನ್ನ ತಾಣಕ್ಕೇ ಹೋಗುತ್ತಿದ್ದೇವೆ ಎಂಬುದು ಅಸ್ಪಷ್ಟವಾಗುವ ರೀತಿಯಲ್ಲಿ ಲಿಂಕ್ ಕಿರಿದಾಗಿಸುವುದನ್ನೂ ಅದರ ನಿಯಮಗಳು ಒಪ್ಪುವುದಿಲ್ಲ. ಮಾರಾಟಗಾರರ ಪುಟವನ್ನು ಚೌಕಟ್ಟಿನೊಳಗೆ ತೆರೆದು, ಬ್ರೌಸರ್‌ನ ಮೇಲಿನ ವಿಳಾಸಪಟ್ಟಿಯಲ್ಲಿ ಮಾತ್ರ ನಿಮ್ಮ ಡೊಮೇನ್ ಕಾಣುವಂತೆ ಮಾಡುವ ಸೌಲಭ್ಯ ಕೆಲವು ಪ್ಲಗಿನ್‌ಗಳಲ್ಲಿದೆ. ಅದನ್ನು ಎಲ್ಲಿಯೂ ಬಳಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಾನು ಅನುಸರಿಸುವ ಕ್ರಮ ಹೀಗಿದೆ: ಅಮೆಜಾನ್ ಲಿಂಕ್‌ಗಳನ್ನು ಅದು ಕೊಟ್ಟ ರೂಪದಲ್ಲಿಯೇ ಹಾಕುತ್ತೇನೆ, ಆದರೆ ಲೇಖನದೊಳಗೆ ನೇರವಾಗಿ ಬರೆಯದೆ, ಒಂದೇ ಕಡೆ ಸಂಗ್ರಹಿಸಿಟ್ಟ ಪಟ್ಟಿಯಿಂದ ಪುಟ ರೂಪುಗೊಳ್ಳುವಾಗ ತಾನಾಗಿಯೇ ಬಂದು ಕೂರುವಂತೆ ಮಾಡಿದ್ದೇನೆ. ಇದರಿಂದ ಓದುಗರಿಗೆ ನಿಜವಾದ ವಿಳಾಸವೇ ಕಾಣುತ್ತದೆ, ತಿದ್ದುವ ಕೆಲಸವೂ ಒಂದೇ ಕಡೆ ಮುಗಿಯುತ್ತದೆ. ಉಳಿದ ಕಾರ್ಯಕ್ರಮಗಳಲ್ಲಿ ರೀಡೈರೆಕ್ಟ್‌ಗೆ ಅನುಮತಿ ಇದೆಯೇ ಎಂದು ನಿಯಮಗಳನ್ನು ಓದಿ, ಸಂಶಯವಿದ್ದರೆ ಬರೆದು ಕೇಳಿ, ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ರೀಡೈರೆಕ್ಟ್‌ನಿಂದ ತಾಣದ ಸುರಕ್ಷತೆಗೆ ಧಕ್ಕೆ ಬರುತ್ತದೆಯೇ?

ತಪ್ಪಾಗಿ ಕಟ್ಟಿದರೆ ಖಂಡಿತ ಬರುತ್ತದೆ. ಗುರಿಯ ವಿಳಾಸವನ್ನು ಲಿಂಕ್‌ನೊಳಗೇ ಬರೆದು, ಸರ್ವರ್ ಅದನ್ನು ಓದಿ ಅಲ್ಲಿಗೆ ಕಳುಹಿಸುವಂತೆ ಕೆಲವರು ಬರೆಯುತ್ತಾರೆ. ಆಗ ಯಾರು ಬೇಕಾದರೂ ಆ ಜಾಗದಲ್ಲಿ ತಮ್ಮ ಮೋಸದ ಪುಟದ ವಿಳಾಸ ಹಾಕಿ, ನಿಮ್ಮ ಡೊಮೇನ್‌ನ ಹೆಸರಿನಲ್ಲಿ ಜನರಿಗೆ ಹಂಚಬಹುದು. ಇದನ್ನು ಓಪನ್ ರೀಡೈರೆಕ್ಟ್ ಎನ್ನುತ್ತಾರೆ. ಬ್ಯಾಂಕ್ ಖಾತೆಯ ವಿವರ ಕದಿಯುವವರಿಗೆ ಇದು ಹೇಳಿ ಮಾಡಿಸಿದ ದಾರಿ. ಚಿಕ್ಕ ಹೆಸರು ಮಾತ್ರ ಲಿಂಕ್‌ನಲ್ಲಿರಲಿ, ಗುರಿಯ ವಿಳಾಸ ನಿಮ್ಮ ಪಟ್ಟಿಯಲ್ಲಿರಲಿ, ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ಸರ್ವರ್ 404 ಎಂದು, ಅಂದರೆ ಅಂಥ ಪುಟ ಇಲ್ಲ ಎಂದು, ಉತ್ತರಿಸಲಿ.

ಸರ್ಚ್ ಎಂಜಿನ್‌ಗಳಿಗಾಗಿ ಲಿಂಕ್‌ಗೆ ಯಾವ ಗುರುತು ಹಾಕಬೇಕು?

ಹಣ ಬರುವ ಲಿಂಕನ್ನು ಹಣ ಬರುವ ಲಿಂಕ್ ಎಂದೇ ಗುರುತಿಸಬೇಕೆಂಬುದು ಗೂಗಲ್‌ನ ನಿಯಮ. ಈ ಲಿಂಕನ್ನು ನನ್ನ ಶಿಫಾರಸು ಎಂದು ಎಣಿಸಬೇಡಿ ಎಂದು ಸರ್ಚ್ ಎಂಜಿನ್‌ಗೆ ಹೇಳುವ ನೋಫಾಲೋ ಎಂಬ ಗುರುತು 2005ರಲ್ಲಿ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಅದರ ಜೊತೆಗೆ ಸ್ಪಾನ್ಸರ್ಡ್ ಮತ್ತು ಯುಜಿಸಿ (ಓದುಗರೇ ಬರೆದ ಪ್ರತಿಕ್ರಿಯೆ ಮುಂತಾದವುಗಳಲ್ಲಿನ ಲಿಂಕ್‌ಗಳಿಗೆ) ಎಂಬ ಇನ್ನೆರಡನ್ನು ತಂದಿತು. ಇವುಗಳಲ್ಲಿ ಸ್ಪಾನ್ಸರ್ಡ್ ಎಂಬುದು ಅಫಿಲಿಯೇಟ್ ಮತ್ತು ಜಾಹೀರಾತು ಲಿಂಕ್‌ಗಳಿಗೆಂದೇ ಇರುವುದು. ಲಿಂಕ್‌ನ ಎಚ್‌ಟಿಎಂಎಲ್ ಕೋಡ್‌ನಲ್ಲಿ ರೆಲ್ (rel) ಎಂಬ ಗುಣಲಕ್ಷಣದಲ್ಲಿ ಈ ಪದವನ್ನು ಬರೆದರಾಯಿತು. ಹಳೆಯ ಲೇಖನಗಳಲ್ಲಿ ನೋಫಾಲೋ ಇದ್ದರೆ ಅದನ್ನೂ ಗೂಗಲ್ ಒಪ್ಪುತ್ತದೆ, ಬದಲಿಸಲೇಬೇಕೆಂಬ ಆತುರವಿಲ್ಲ. ಎರಡನ್ನೂ ಒಟ್ಟಿಗೆ ಬರೆಯಲೂಬಹುದು.

ರೀಡೈರೆಕ್ಟ್ ಮೂಲಕ ಹೋಗುವ ಲಿಂಕ್‌ಗೂ ಈ ಗುರುತು ಬೇಕು. ಮೊದಲು ನಮ್ಮದೇ ಡೊಮೇನ್‌ಗೆ ತಾನೇ ಹೋಗುವುದು ಎಂದುಕೊಂಡು ಬಿಟ್ಟುಬಿಡುವವರು ಬಹಳ ಮಂದಿ. ಕೆಲವರು ಚಿಕ್ಕ ವಿಳಾಸಗಳ ಇಡೀ ಗುಂಪನ್ನು ರೋಬೋಟ್ಸ್ ಕಡತದಲ್ಲಿ, ಅಂದರೆ ಯಾವ ವಿಳಾಸಗಳನ್ನು ತೆರೆಯಬಾರದೆಂದು ಸರ್ಚ್ ಎಂಜಿನ್‌ಗೆ ಹೇಳುವ ಕಡತದಲ್ಲಿ, ತಡೆಯುತ್ತಾರೆ. ಹಾಗೆ ಮಾಡಬಹುದು, ಆದರೆ ತಡೆದ ವಿಳಾಸವನ್ನು ಸರ್ಚ್ ಎಂಜಿನ್ ತೆರೆಯುವುದೇ ಇಲ್ಲವಾದ್ದರಿಂದ, ಅದರ ಮೇಲೆ ನೀವು ಹಾಕಿದ ನೋಇಂಡೆಕ್ಸ್ ಸೂಚನೆಯೂ (ಹುಡುಕಾಟದ ಫಲಿತಾಂಶದಲ್ಲಿ ತೋರಿಸಬೇಡಿ ಎಂಬುದು) ಅದಕ್ಕೆ ಕಾಣುವುದಿಲ್ಲ ಎಂಬುದು ನೆನಪಿರಲಿ.

ಅಫಿಲಿಯೇಟ್ ಲಿಂಕ್ ಹೆಚ್ಚಿದ್ದರೆ ತಾಣದ ಸ್ಥಾನ ಕುಸಿಯುತ್ತದೆಯೇ?

ಲಿಂಕ್‌ಗಳ ಸಂಖ್ಯೆಯಿಂದಲ್ಲ. ಮಾರಾಟಗಾರರ ವಿವರಣೆಯನ್ನೇ ನಕಲು ಮಾಡಿ, ಸ್ವಂತದ್ದೇನನ್ನೂ ಸೇರಿಸದೆ ಲಿಂಕ್ ಹಾಕಿದ ಪುಟಗಳನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿಯೇ ಖಂಡಿಸುತ್ತದೆ. ನೀವು ವಸ್ತುವನ್ನು ಬಳಸಿ ನೋಡಿ, ಅದರ ಕೊರತೆಯನ್ನೂ ಬರೆದಿದ್ದರೆ ಲಿಂಕ್‌ಗಳಿಗೆ ಹೆದರಬೇಕಾಗಿಲ್ಲ. ಲೇಖನದಲ್ಲಿ ಒಂದು ಪದ ಬಂದಲ್ಲೆಲ್ಲ ತಾನಾಗಿಯೇ ಲಿಂಕ್ ಮಾಡುವ ಸೌಲಭ್ಯವನ್ನು ಮಾತ್ರ ಬಳಸದಿರುವುದು ಲೇಸು. ಒಂದು ವಸ್ತುವನ್ನು ಕೊಳ್ಳಬೇಡಿ ಎಂದು ಎಚ್ಚರಿಸುವ ವಾಕ್ಯದಲ್ಲಿಯೂ ಆ ಯಂತ್ರ ಅದೇ ವಸ್ತುವಿನ ಖರೀದಿ ಲಿಂಕನ್ನು ಹಾಕಿಬಿಡುತ್ತದೆ.

ಕಮಿಷನ್ ಬರುತ್ತದೆ ಎಂಬುದನ್ನು ಓದುಗರಿಗೆ ಎಲ್ಲಿ, ಹೇಗೆ ತಿಳಿಸಬೇಕು?

ಮೊದಲ ಅಫಿಲಿಯೇಟ್ ಲಿಂಕ್ ಬರುವುದಕ್ಕಿಂತ ಮೊದಲು, ಲೇಖನದ ಅಕ್ಷರದ ಗಾತ್ರದಲ್ಲಿಯೇ, ಲೇಖನದ ಭಾಷೆಯಲ್ಲಿಯೇ ತಿಳಿಸಬೇಕು. ತಾಣದ ಅಡಿಟಿಪ್ಪಣಿಯಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಬರೆಯುವುದಾಗಲಿ, ನಮ್ಮ ಬಗ್ಗೆ ಎಂಬ ಪುಟದಲ್ಲಿ ಮಾತ್ರ ಬರೆಯುವುದಾಗಲಿ ತಿಳಿಸಿದಂತೆ ಆಗುವುದಿಲ್ಲ. ಅಫಿಲಿಯೇಟ್ ಲಿಂಕ್ ಎಂಬ ಪದವೇ ಅನೇಕ ಓದುಗರಿಗೆ ಅರ್ಥವಾಗದೆ ಹೋಗಬಹುದು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತನ್ನ ಮಾರ್ಗದರ್ಶನದಲ್ಲಿ ಹೇಳಿದೆ, ಅದರಲ್ಲಿ ನ್ಯಾಯವಿದೆ. “ಈ ಪುಟದ ಕೆಲವು ಲಿಂಕ್‌ಗಳ ಮೂಲಕ ನೀವು ಏನನ್ನಾದರೂ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ” ಎಂದು ನೇರವಾಗಿ ಬರೆದರೆ ಯಾರಿಗೂ ಗೊಂದಲವಿರುವುದಿಲ್ಲ. ಅಮೆಜಾನ್‌ನಂಥ ಕಾರ್ಯಕ್ರಮಗಳು ತಮ್ಮದೇ ಒಂದು ವಾಕ್ಯವನ್ನೂ ತಾಣದಲ್ಲಿ ಹಾಕಬೇಕೆಂದು ಕೇಳುತ್ತವೆ. ಅದನ್ನು ಹಾಕಿ, ನಿಮ್ಮ ವಾಕ್ಯವನ್ನೂ ಉಳಿಸಿಕೊಳ್ಳಿ.

ಹೀಗೆ ತಿಳಿಸಿದರೆ ಓದುಗರು ದೂರ ಸರಿಯುತ್ತಾರೆ ಎಂಬ ಅಳುಕು ಹಲವರಲ್ಲಿದೆ. ನನ್ನ ಓದುಗರು ಸರಿದಿಲ್ಲ. ಬದಲಿಗೆ, ನಿಮಗೆ ಕಮಿಷನ್ ಸಿಗಲೆಂದೇ ನಿಮ್ಮ ಲಿಂಕ್ ಮೂಲಕ ಕೊಂಡೆ ಎಂದು ಬರೆದವರಿದ್ದಾರೆ.

ಕೆಟ್ಟುಹೋದ ಲಿಂಕ್‌ಗಳನ್ನು ಪತ್ತೆಹಚ್ಚುವುದು ಹೇಗೆ?

ಲಿಂಕ್ ಪರೀಕ್ಷಿಸುವ ಉಪಕರಣಗಳು ಬೇಕಾದಷ್ಟಿವೆ, ಆದರೆ ಅವು ಅರ್ಧ ಕೆಲಸವನ್ನಷ್ಟೇ ಮಾಡುತ್ತವೆ. ಪುಟ ಇಲ್ಲ ಎಂಬ 404 ಉತ್ತರ ಬಂದರೆ ಅವು ಹೇಳುತ್ತವೆ. ವಸ್ತುವಿನ ಮಾರಾಟ ನಿಂತು, ಪುಟ ಮಾತ್ರ ಹಾಗೆಯೇ ಇದ್ದರೆ ಸರ್ವರ್ 200 ಎಂದೇ ಉತ್ತರಿಸುತ್ತದೆ, ಉಪಕರಣ ಎಲ್ಲವೂ ಸರಿಯಿದೆ ಎನ್ನುತ್ತದೆ. ಇಲ್ಲದ ವಸ್ತುವಿನ ಲಿಂಕನ್ನು ಮುಖಪುಟಕ್ಕೆ ತಿರುಗಿಸುವ ಮಾರಾಟಗಾರರೂ ಇದ್ದಾರೆ. ಇನ್ನೊಂದು ಕಡೆ, ಯಂತ್ರಗಳನ್ನು ತಡೆಯುವ ತಾಣಗಳು ಸರಿಯಿರುವ ಲಿಂಕ್‌ಗೂ 503ರಂಥ ಉತ್ತರ ಕೊಟ್ಟು ಸುಳ್ಳು ಎಚ್ಚರಿಕೆ ಹುಟ್ಟಿಸುತ್ತವೆ. ಆದ್ದರಿಂದ ಹೆಚ್ಚು ಓದುಗರು ಬರುವ ಇಪ್ಪತ್ತು ಪುಟಗಳ ಲಿಂಕ್‌ಗಳನ್ನು ತಿಂಗಳಿಗೊಮ್ಮೆ ಕೈಯಿಂದಲೇ ಒತ್ತಿ ನೋಡಿ, ಉಳಿದವನ್ನು ಉಪಕರಣಕ್ಕೆ ಬಿಡಿ.

ಕೈಯಿಂದ ನೋಡುವಾಗ ಬ್ರೌಸರ್‌ನ ಖಾಸಗಿ ಕಿಟಕಿಯನ್ನು ತೆರೆದು, ಲಿಂಕ್ ಒತ್ತಿ, ಕೊನೆಗೆ ತಲುಪಿದ ಪುಟದ ವಿಳಾಸವನ್ನು ಅಕ್ಷರ ಅಕ್ಷರ ಓದಿ. ಒಮ್ಮೆ ಒಂದು ಲಿಂಕ್‌ಗೆ ಕ್ಲಿಕ್‌ಗಳು ಬರುತ್ತಲೇ ಇದ್ದವು, ಮೂರು ತಿಂಗಳಾದರೂ ಒಂದು ಖರೀದಿಯೂ ದಾಖಲಾಗಲಿಲ್ಲ. ವಿಳಾಸ ನೋಡಿದಾಗ ಅದರಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ವಸ್ತುವಿನ ಬಣ್ಣವನ್ನು ಸೂಚಿಸಲು ಒಂದು ಮೊದಲೇ ಇತ್ತು. ನನ್ನ ಗುರುತನ್ನು ಸೇರಿಸುವಾಗ ನಾನು ಇನ್ನೊಂದನ್ನು ಹಾಕಿದ್ದೆ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಒಮ್ಮೆ ಮಾತ್ರ ಬರಬೇಕು, ನಂತರದ ಪ್ರತಿಯೊಂದು ಅಂಶವನ್ನೂ ಆಂಪರ್‌ಸ್ಯಾಂಡ್ ಚಿಹ್ನೆಯಿಂದ ಸೇರಿಸಬೇಕು. ನನ್ನ ಗುರುತು ಬಣ್ಣದ ಹೆಸರಿನ ಬಾಲವಾಗಿ ಅಂಟಿಕೊಂಡಿತ್ತು, ಪುಟ ಮಾತ್ರ ಸರಿಯಾಗಿಯೇ ತೆರೆಯುತ್ತಿತ್ತು. ಒಂದು ಚಿಹ್ನೆಯಿಂದಾಗಿ ಮೂರು ತಿಂಗಳು ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ನನ್ನ ಲೆಕ್ಕದ ಕ್ಲಿಕ್‌ಗಳಿಗೂ ನೆಟ್‌ವರ್ಕ್ ತೋರಿಸುವ ಕ್ಲಿಕ್‌ಗಳಿಗೂ ತಾಳೆಯಾಗುವುದಿಲ್ಲ. ಏಕೆ?

ಪೂರ್ತಿ ತಾಳೆಯಾಗುವುದು ಅಪರೂಪ. ನಿಮ್ಮ ರೀಡೈರೆಕ್ಟ್ ಎಣಿಸುವ ಕ್ಲಿಕ್‌ಗಳಲ್ಲಿ ಸರ್ಚ್ ಎಂಜಿನ್‌ಗಳ ಮತ್ತು ಇತರ ಯಂತ್ರಗಳ ಭೇಟಿಗಳೂ ಸೇರಿರುತ್ತವೆ. ನೆಟ್‌ವರ್ಕ್‌ಗಳು ಅವುಗಳನ್ನು ಸೋಸುತ್ತವೆ. ಜಾಹೀರಾತು ತಡೆಯುವ ವಿಸ್ತರಣೆಗಳು ನೆಟ್‌ವರ್ಕ್‌ಗಳ ಡೊಮೇನನ್ನೇ ತಡೆದಾಗ ಓದುಗರು ನಿಮ್ಮಿಂದ ಹೊರಟರೂ ಅಲ್ಲಿಗೆ ತಲುಪುವುದಿಲ್ಲ.

ಖರೀದಿಗಳ ಲೆಕ್ಕ ಇನ್ನೂ ಜಟಿಲ. ಆ್ಯಪಲ್ 2017ರಲ್ಲಿ ಸಫಾರಿಗೆ ಹಿಂಬಾಲಿಸುವಿಕೆ ತಡೆಯುವ ವ್ಯವಸ್ಥೆಯನ್ನು ತಂದು, 2020ರಿಂದ ಮೂರನೆಯವರ ಕುಕೀಗಳನ್ನು (ನೀವು ತೆರೆದ ತಾಣದ್ದಲ್ಲದ, ಬೇರೆ ಡೊಮೇನ್‌ಗಳ ಕುಕೀಗಳನ್ನು) ಸಂಪೂರ್ಣವಾಗಿ ತಡೆಯುತ್ತಿದೆ; ಫೈರ್‌ಫಾಕ್ಸ್ 2019ರಿಂದ ಹಿಂಬಾಲಿಸುವ ಕುಕೀಗಳನ್ನು ತಾನಾಗಿಯೇ ತಡೆಯುತ್ತದೆ. ಓದುಗರ ಖಾಸಗಿತನದ ದೃಷ್ಟಿಯಿಂದ ಇದು ಒಳ್ಳೆಯದೇ, ಇದನ್ನು ಮುರಿಯುವ ಉಪಾಯಗಳನ್ನು ಹುಡುಕಬೇಡಿ. ಕುಕೀಯನ್ನು ನೆಚ್ಚದೆ ಮಾರಾಟಗಾರರ ಸರ್ವರಿನಿಂದ ನೆಟ್‌ವರ್ಕ್‌ನ ಸರ್ವರಿಗೆ ನೇರವಾಗಿ ಖರೀದಿಯ ವಿವರ ಕಳುಹಿಸುವ ಕಾರ್ಯಕ್ರಮಗಳಿವೆ. ಆಯ್ಕೆ ಇದ್ದಾಗ ಅಂಥವನ್ನು ಆರಿಸಿಕೊಳ್ಳಿ. ಕೊನೆಯ ಕ್ಲಿಕ್‌ಗೆ ಮಾತ್ರ ಕಮಿಷನ್ ಕೊಡುವ ಪದ್ಧತಿಯಿಂದಲೂ ನಷ್ಟವಾಗುತ್ತದೆ. ನಿಮ್ಮ ಲೇಖನ ಓದಿ ಹೋದವರು ಹಣ ಪಾವತಿಸುವ ಹೊತ್ತಿಗೆ ಯಾವುದೋ ಕೂಪನ್ ವಿಸ್ತರಣೆಯನ್ನು ಒತ್ತಿದರೆ, ಆ ಕಮಿಷನ್ ಅದಕ್ಕೆ ಹೋಗುತ್ತದೆ. ಇದು ಅನ್ಯಾಯವೆಂದು ನನಗೆ ಅನ್ನಿಸುತ್ತದೆ, ಆದರೆ ಲಿಂಕ್ ನಿರ್ವಹಣೆಯಿಂದ ಸರಿಪಡಿಸಬಹುದಾದ ವಿಷಯವಲ್ಲ.

ಯಾವ ಪುಟದ ಲಿಂಕ್‌ನಿಂದ ಖರೀದಿ ಆಯಿತು ಎಂದು ತಿಳಿಯಬಹುದೇ?

ತಿಳಿಯಬಹುದು. ಬಹುತೇಕ ನೆಟ್‌ವರ್ಕ್‌ಗಳು ಲಿಂಕ್‌ಗೆ ನಿಮ್ಮದೇ ಒಂದು ಉಪಗುರುತನ್ನು ಸೇರಿಸಲು ಬಿಡುತ್ತವೆ, ಸಬ್ ಐಡಿ ಎಂದು ಕರೆಯುವುದು ಅದನ್ನೇ. ಅಮೆಜಾನ್‌ನಲ್ಲಿ ಬೇರೆ ಬೇರೆ ಟ್ರ್ಯಾಕಿಂಗ್ ಐಡಿಗಳನ್ನು ಮಾಡಿಕೊಳ್ಳಬಹುದು. ಉಪಗುರುತಿನಲ್ಲಿ ಪುಟದ ಸಂಖ್ಯೆ ಮತ್ತು ಲಿಂಕ್ ಇರುವ ಜಾಗವನ್ನು ಬರೆಯಿರಿ. ಓದುಗರ ಹೆಸರು, ಇಮೇಲ್ ಮುಂತಾದ ಯಾವ ವಿವರವನ್ನೂ ಅಲ್ಲಿ ಸೇರಿಸಕೂಡದು.

ನನ್ನ ಲಿಂಕ್ ಮೂಲಕ ನಾನೇ ಕೊಳ್ಳಬಹುದೇ?

ಹೆಚ್ಚಿನ ಕಾರ್ಯಕ್ರಮಗಳು ಬಿಡುವುದಿಲ್ಲ. ಪರೀಕ್ಷಿಸಲು ಲಿಂಕ್ ಒತ್ತಿ ನೋಡಿ, ಕೊಳ್ಳಬೇಡಿ.

ಲೇಖನದಲ್ಲಿ ಬೆಲೆಯನ್ನೂ ಬರೆಯಬಹುದೇ?

ಕೈಯಿಂದ ಬರೆದ ಬೆಲೆ ಮರುದಿನವೇ ಸುಳ್ಳಾಗಬಹುದು. ಅಮೆಜಾನ್ ತನ್ನ ಬೆಲೆಗಳನ್ನು ತನ್ನದೇ ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಪಡೆಯುವ ವ್ಯವಸ್ಥೆ) ಮೂಲಕ ಪಡೆದು ತೋರಿಸಬೇಕೆಂದು ನಿಯಮಿಸಿದೆ. ಆ ವ್ಯವಸ್ಥೆ ಇಲ್ಲದಿದ್ದರೆ, ಇದೇ ಬಗೆಯ ಬೇರೆ ವಸ್ತುಗಳಿಗಿಂತ ದುಬಾರಿಯೋ ಅಗ್ಗವೋ ಎಂಬಷ್ಟನ್ನು ಮಾತಿನಲ್ಲಿ ಹೇಳಿ.

ತಾಣವನ್ನು ಮಾರುವಾಗ ಅಥವಾ ಮುಚ್ಚುವಾಗ ಲಿಂಕ್‌ಗಳನ್ನು ಏನು ಮಾಡಬೇಕು?

ಅಫಿಲಿಯೇಟ್ ಖಾತೆ ನಿಮ್ಮ ಹೆಸರಿನಲ್ಲಿರುತ್ತದೆ, ತಾಣದ ಜೊತೆ ಅದು ತಾನಾಗಿಯೇ ಕೈ ಬದಲಾಗುವುದಿಲ್ಲ. ಕೊಳ್ಳುವವರು ತಮ್ಮ ಖಾತೆ ತೆರೆದು ಅನುಮೋದನೆ ಪಡೆದ ಮೇಲೆ, ಗುರುತುಗಳನ್ನೆಲ್ಲ ಬದಲಿಸಬೇಕು. ಲಿಂಕ್‌ಗಳು ಒಂದೇ ಪಟ್ಟಿಯಲ್ಲಿದ್ದರೆ ಇದು ಒಂದು ಸಂಜೆಯ ಕೆಲಸ. ನಿಮ್ಮ ಗುರುತು ಇನ್ನೊಬ್ಬರ ತಾಣದಲ್ಲಿ ಉಳಿದುಬಿಟ್ಟರೆ ಅವರು ಮಾಡುವ ತಪ್ಪಿಗೆ ನಿಮ್ಮ ಖಾತೆ ಉತ್ತರಿಸಬೇಕಾಗಬಹುದು.

ಮುಚ್ಚುವುದಾದರೆ ಮೊದಲು ರೀಡೈರೆಕ್ಟ್‌ಗಳನ್ನು ತೆಗೆದು, ಆ ವಿಳಾಸಗಳು 410 ಎಂದು, ಅಂದರೆ ಈ ಪುಟ ಇನ್ನಿಲ್ಲ ಎಂದು, ಉತ್ತರಿಸುವಂತೆ ಮಾಡಿ. ಬೇರೆ ಕಡೆಗಳಲ್ಲಿ ನೀವೇ ಹಂಚಿದ್ದ ಚಿಕ್ಕ ವಿಳಾಸಗಳಿದ್ದರೆ ಅಲ್ಲಿಂದಲೂ ತೆಗೆಯಿರಿ. ಆ ಕೆಲಸ ಮುಗಿಯುವವರೆಗೆ, ಸಾಧ್ಯವಾದರೆ ಅದರ ನಂತರವೂ ಒಂದೆರಡು ವರ್ಷ, ಡೊಮೇನನ್ನು ನವೀಕರಿಸುತ್ತಲೇ ಇರಿ.